ಅರ್ಜಿಯ ಬೆನ್ನು ತಿರುಗಿಸಿ ನೋಡಿ

ನಮಸ್ಕಾರ.

ನಿಮ್ಮ ‘ಕ್ಯಾಸಲ್‌ಗೊಂದು ಬಿನ್ನಹ’ ಕಥೆಯನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಮೂಲೆಗೆ ಹಾಕುವ ಕಥೆಯೂ ಅಲ್ಲ, ಅದಕ್ಕೇ ಇಷ್ಟುದ್ದದ ಉತ್ತರ.

ನೀವು ಬರೆದಿರುವುದು ಇಷ್ಟು. 1822, ಐರ್ಲೆಂಡಿನ ಲಿಮರಿಕ್ ಕೌಂಟಿ. ಹೊತ್ತು ಮುಳುಗಿದ ಮೇಲೆ ಮನೆಯಿಂದ ಹೊರಗಿದ್ದ ಎಂಬ ಕಾರಣಕ್ಕೆ ವಿಧವೆಯೊಬ್ಬಳ ಮಗನಿಗೆ ಏಳು ವರ್ಷ ‘ಕರಿನೀರಿನ ಶಿಕ್ಷೆ’. ತಾಯಿ ಬ್ರಿಟಿಷ್ ಆಡಳಿತದ ಕೇಂದ್ರವಾದ ಡಬ್ಲಿನ್ ಕ್ಯಾಸಲ್‌ಗೆ, ರಾಜಪ್ರತಿನಿಧಿ ಲಾರ್ಡ್ ಲೆಫ್ಟಿನೆಂಟ್ ಹೆಸರಿಗೆ ತಾನೇ ಅರ್ಜಿ ಬರೆದು, ಹೆಬ್ಬೆಟ್ಟು ಒತ್ತಿ, ಲಕೋಟೆಗೆ ಸ್ಟಾಂಪು ಹಚ್ಚಿ ಕಳಿಸುತ್ತಾಳೆ. ಆತ ಓದಿ, ಕಣ್ಣೀರಿಟ್ಟು, ಬಿಡುಗಡೆಗೆ ಆಜ್ಞೆ ಮಾಡುತ್ತಾನೆ. ಆಜ್ಞೆ ಮುಟ್ಟುವಷ್ಟರಲ್ಲಿ ಹಡಗು ಹೊರಟುಹೋಗಿದೆ. ನೂರು ವರ್ಷದ ಮೇಲೆ ಡಬ್ಲಿನ್ನಿನ ಬೆಂಕಿಯಲ್ಲಿ ಆ ಅರ್ಜಿಯೂ ಬೂದಿಯಾಗುತ್ತದೆ.

ಸಣ್ಣ ತಪ್ಪುಗಳನ್ನು ಮೊದಲು ಮುಗಿಸಿಬಿಡೋಣ. ಬರೆಯಲು ಬರುವವಳಿಗೆ ಹೆಬ್ಬೆಟ್ಟು ಯಾಕೆ ಬೇಕಾಯಿತು ಎಂಬ ಪ್ರಶ್ನೆ ಹಾಗಿರಲಿ. ನಮ್ಮ ಕಚೇರಿಗಳಲ್ಲಿ ನೋಡಿ ನೋಡಿ ಹೆಬ್ಬೆಟ್ಟು ಅನಾದಿಕಾಲದ್ದು ಅಂದುಕೊಂಡಿದ್ದೇವೆ. ಬಂಗಾಳದ ಜಂಗಿಪುರದಲ್ಲಿ ವಿಲಿಯಂ ಹರ್ಷೆಲ್ ಒಂದು ಕರಾರಿಗೆ ಕೈಗುರುತು ತೆಗೆದುಕೊಂಡದ್ದೇ 1858ರಲ್ಲಿ. 1822ರ ಐರ್ಲೆಂಡಿನಲ್ಲಿ ಅಕ್ಷರ ಬಾರದವರು ಹಾಕುತ್ತಿದ್ದದ್ದು ಶಿಲುಬೆಯಂಥ ಒಂದು ಗೀಟು. ಬರೆದುಕೊಡುವವನು ಅವಳ ಹೆಸರನ್ನೂ ಮನೆತನದ ಹೆಸರನ್ನೂ ನಡುವೆ ಜಾಗ ಬಿಟ್ಟು ಬರೆಯುತ್ತಾನೆ, ಆ ಜಾಗದ ಮೇಲೆ ‘ಅವಳ’, ಕೆಳಗೆ ‘ಗುರುತು’ ಎಂದು ಸಣ್ಣಕ್ಷರದಲ್ಲಿ ಹಾಕುತ್ತಾನೆ, ನಡುವೆ ಅವಳು ಗೀಟೆಳೆಯುತ್ತಾಳೆ. ಇಡೀ ಅರ್ಜಿಯಲ್ಲಿ ಅವಳ ಕೈಯಿಂದ ಬಂದದ್ದು ಅಷ್ಟೇ. ಈ ದೃಶ್ಯ ನಿಮ್ಮ ಹೆಬ್ಬೆಟ್ಟಿಗಿಂತ ಎಷ್ಟೋ ಮೇಲು, ಬಳಸಿಕೊಳ್ಳಿ.

ಸ್ಟಾಂಪು ಬಂದದ್ದು 1840ರಲ್ಲಿ. ಅದಕ್ಕೆ ಮುಂಚೆ ಅಂಚೆಯ ದರ ನಿಂತಿದ್ದು ದೂರ ಮತ್ತು ಹಾಳೆಗಳ ಸಂಖ್ಯೆಯ ಮೇಲೆ, ಸಾಮಾನ್ಯವಾಗಿ ದುಡ್ಡು ಕೊಡುತ್ತಿದ್ದವನು ಕಾಗದ ಪಡೆದವನು. ಲಕೋಟೆ ಹಾಕಿದರೆ ಅದೂ ಒಂದು ಹಾಳೆಯ ಲೆಕ್ಕಕ್ಕೆ ಬರುತ್ತಿತ್ತು. ಹಾಗಾಗಿ ಬರೆದ ಹಾಳೆಯನ್ನೇ ಮಡಿಸಿ, ಅರಗಿನ ಮುದ್ರೆ ಒತ್ತಿ, ಹೊರಮೈಯಲ್ಲಿ ವಿಳಾಸ ಬರೆಯುತ್ತಿದ್ದರು. ಹಡಗು ಹೊರಡುವ ಬಂದರಿಗೆ ‘ಕ್ವೀನ್ಸ್‌ಟೌನ್’ ಅಂದಿದ್ದೀರಿ. ಆ ಹೆಸರು ವಿಕ್ಟೋರಿಯಾ ರಾಣಿ ಬಂದುಹೋದ 1849ರದು. ನಿಮ್ಮ ಕಾಲಕ್ಕೆ ಅದು ಕೋವ್, ಸಿಂಹಾಸನದ ಮೇಲಿದ್ದವನು ನಾಲ್ಕನೇ ಜಾರ್ಜ್. ‘ಕರಿನೀರು’ ಎಂದೊಡನೆ ನಮ್ಮ ಓದುಗರು ಅಂಡಮಾನಿಗೆ ಹೋಗಿಬಿಡುತ್ತಾರೆ, ಆದರೆ ಈ ಹುಡುಗ ಹೋಗುವುದು ನ್ಯೂ ಸೌತ್ ವೇಲ್ಸ್‌ಗೆ. ಗಡೀಪಾರು ಅಂದರೆ ಸಾಕು. ಷಿಲಿಂಗಿಗೆ 12 ಪೆನ್ನಿ ಎಂದು ಲೆಕ್ಕ ಹಾಕಿದ್ದೀರಿ. 1826ರ ಆರಂಭದವರೆಗೂ ಐರ್ಲೆಂಡಿನದು ಬೇರೆ ಲೆಕ್ಕ, ಬ್ರಿಟಿಷ್ ಷಿಲಿಂಗಿಗೆ ಅಲ್ಲಿಯ 13 ಪೆನ್ನಿ. ಮೈಲಿಯೂ ಬೇರೆ, 1,760 ಗಜದ್ದಲ್ಲ, 2,240 ಗಜದ್ದು. ನೀವು ಬರೆದ 120 ಮೈಲಿ ಅವಳ ಬಾಯಲ್ಲಿ 94ರ ಆಸುಪಾಸು ಆಗುತ್ತದೆ.

ಇವೆಲ್ಲ ಒಂದು ಸಂಜೆಯ ತಿದ್ದುಪಡಿ. ವಿಚಾರಣೆಯ ದೃಶ್ಯ ಅಷ್ಟು ಸುಲಭವಲ್ಲ. ‘ಜ್ಯೂರಿಯ ಹನ್ನೆರಡು ಮಂದಿ ತಲೆ ತಗ್ಗಿಸಿದರು’ ಎಂದು ಚೆನ್ನಾಗಿಯೇ ಬರೆದಿದ್ದೀರಿ, ಆದರೆ ಅಲ್ಲಿ ಜ್ಯೂರಿಯೇ ಇರಲಿಲ್ಲ. 1822ರ ಫೆಬ್ರವರಿಯಲ್ಲಿ ಮತ್ತೆ ಜಾರಿಗೆ ತಂದ ದಂಗೆ ಕಾಯ್ದೆಯ ಬಿಗಿಯೇ ಅದು. ಸರ್ಕಾರ ಘೋಷಿಸಿದ ಪ್ರದೇಶದಲ್ಲಿ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಮನೆಯಿಂದ ಹೊರಗೆ ಸಿಕ್ಕವನನ್ನು ಮ್ಯಾಜಿಸ್ಟ್ರೇಟರ ವಿಶೇಷ ಅಧಿವೇಶನವೇ ಜ್ಯೂರಿ ಇಲ್ಲದೆ ವಿಚಾರಿಸಿ ಏಳು ವರ್ಷ ಗಡೀಪಾರು ಮಾಡಬಹುದಿತ್ತು. ನಿಮ್ಮ ಕಥೆಯ ಮುಂದಿನ ನಡೆಗೂ ಇದು ಮುಖ್ಯ. ಕ್ಷಮೆ ಕೇಳಿದ ಅರ್ಜಿ ಬಂದರೆ ಕ್ಯಾಸಲ್ ಮೊದಲು ಮಾಡುತ್ತಿದ್ದ ಕೆಲಸ ಶಿಕ್ಷೆ ಕೊಟ್ಟವರಿಂದಲೇ ವರದಿ ಕೇಳುವುದು. ಅಂದರೆ ಮಗನನ್ನು ಕಳಿಸಿದವರ ಮೇಜಿಗೇ ತಾಯಿಯ ಕಾಗದ ವಾಪಸ್ ಹೋಗುತ್ತದೆ.

ಹುದ್ದೆಗಳ ಹೆಸರನ್ನು ಕನ್ನಡಿಸುವಾಗಲೂ ಜಾರಿದ್ದೀರಿ. ಚೀಫ್ ಸೆಕ್ರೆಟರಿಯನ್ನು ‘ಮುಖ್ಯ ಕಾರ್ಯದರ್ಶಿ’, ಅಂಡರ್ ಸೆಕ್ರೆಟರಿಯನ್ನು ‘ಅಧೀನ ಕಾರ್ಯದರ್ಶಿ’ ಮಾಡಿದ್ದೀರಿ. ಪದಕ್ಕೆ ಪದ ಸರಿ, ಆದರೆ ವಿಧಾನಸೌಧ ಕಂಡ ಓದುಗನಿಗೆ ಚಿತ್ರ ತಲೆಕೆಳಗಾಗುತ್ತದೆ. ಅಲ್ಲಿಯ ಚೀಫ್ ಸೆಕ್ರೆಟರಿ ರಾಜಕಾರಣಿ, ವೆಸ್ಟ್‌ಮಿನ್‌ಸ್ಟರ್‌ನ ಸಂಸದ. 1801ರಲ್ಲಿ ಐರ್ಲೆಂಡಿನ ಸಂಸತ್ತು ಹೋದ ಮೇಲೆ ಅಧಿವೇಶನದ ತಿಂಗಳುಗಳನ್ನು ಆತ ಲಂಡನ್ನಿನಲ್ಲೇ ಕಳೆಯಬೇಕಿತ್ತು. ನಿಮ್ಮ ಕಥೆಯ ವರ್ಷ ಆ ಹುದ್ದೆಯಲ್ಲಿದ್ದವನು ಹೆನ್ರಿ ಗೋಲ್ಬರ್ನ್. ಡಬ್ಲಿನ್ನಿನಲ್ಲಿ ಕುರ್ಚಿ ಬಿಡದೆ ಕೂತು, ದಿನದ ಟಪಾಲು ನೋಡಿ, ಯಾವುದು ಮೇಲೆ ಹೋಗಬೇಕು ಯಾವುದು ಅಲ್ಲೇ ಮಲಗಬೇಕು ಎಂದು ತೀರ್ಮಾನಿಸುತ್ತಿದ್ದವನು ಅಂಡರ್ ಸೆಕ್ರೆಟರಿ ವಿಲಿಯಂ ಗ್ರೆಗರಿ. 1812ರಲ್ಲಿ ಕೂತವನು, ಚೀಫ್ ಸೆಕ್ರೆಟರಿಗಳು ಬದಲಾದರೂ ತಾನು ಬದಲಾಗದೆ ಸುಮಾರು ಹದಿನೆಂಟು ವರ್ಷ ಅಲ್ಲೇ ಇದ್ದ. ನಿಮ್ಮ ಕಥೆಯಲ್ಲಿ ಅವನ ಸುಳಿವೇ ಇಲ್ಲ. ಹುದ್ದೆಗಳನ್ನು ಇಂಗ್ಲಿಷ್ ಹೆಸರಲ್ಲೇ ಬಿಡಿ.

ಲಾರ್ಡ್ ಲೆಫ್ಟಿನೆಂಟ್ ವೆಲ್ಲೆಸ್ಲಿಯನ್ನು ‘ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಸೇನಾನಿ’ ಅಂದಿರುವುದು ಅಣ್ಣ ತಮ್ಮಂದಿರ ಗೊಂದಲ. 1821ರ ಡಿಸೆಂಬರ್ ಕೊನೆಗೆ ಡಬ್ಲಿನ್ನಿಗೆ ಬಂದವನು ಅಣ್ಣ ರಿಚರ್ಡ್. 1799ರಲ್ಲಿ ಆತ ಗವರ್ನರ್ ಜನರಲ್, ಯುದ್ಧಕ್ಕೆ ಕಳಿಸಿದವನು. ದಂಡಿನಲ್ಲಿದ್ದು, ಪಟ್ಟಣ ಬಿದ್ದ ಮೇಲೆ ಅಲ್ಲಿಯ ಉಸ್ತುವಾರಿ ಹೊತ್ತವನು ತಮ್ಮ ಆರ್ಥರ್. ಆ ತಮ್ಮನೂ 1807ರಿಂದ 1809ರವರೆಗೆ ಐರ್ಲೆಂಡಿನ ಚೀಫ್ ಸೆಕ್ರೆಟರಿಯಾಗಿದ್ದ. ನಮ್ಮ ಓದುಗರಿಗೆ ಇದು ರುಚಿಸುವ ವಿಷಯ, ಒಂದು ವಾಕ್ಯಕ್ಕೆ ಸಾಕು. ಎರಡನೆಯ ಪ್ಯಾರಾ ಬೇಡ.

ಈಗ ಮುಖ್ಯ ತಕರಾರಿಗೆ ಬರುತ್ತೇವೆ. ನೀವು ಬರೆದ ಅರ್ಜಿ ಅರ್ಜಿಯಲ್ಲ, ಭಾವಗೀತೆ. ‘ನನ್ನ ಒಡಲ ಕುಡಿಯನ್ನು ಕಿತ್ತುಕೊಂಡ ದೊರೆಯೇ, ನಿನಗೆ ತಾಯಿಯಿಲ್ಲವೇ’ ಎಂದು ಶುರುವಾಗುತ್ತದೆ. ಇಂಥ ಕಾಗದ ಕಳಿಸಿದ್ದರೆ ಮಗನಿಗೆ ಉಪಕಾರಕ್ಕಿಂತ ಅಪಕಾರವೇ ಆಗುತ್ತಿತ್ತು. ಅರ್ಜಿಗೆ ಕಟ್ಟುನಿಟ್ಟಾದ ಚೌಕಟ್ಟಿತ್ತು. ತಲೆಯಲ್ಲಿ ಪೂರ್ತಿ ಬಿರುದಿನೊಂದಿಗೆ ಲಾರ್ಡ್ ಲೆಫ್ಟಿನೆಂಟ್, ಅದರ ಕೆಳಗೆ ಇಂಥ ಕೌಂಟಿಯ ಇಂಥ ಊರಿನ ಇಂಥವಳ ವಿನಮ್ರ ಅರ್ಜಿ ಎಂಬ ಸಾಲು, ಆಮೇಲೆ ‘ನಿವೇದಿಸುವುದೇನೆಂದರೆ’. ಅಲ್ಲಿಂದ ಮುಂದೆ ‘ನಾನು’ ಎಂಬುದು ಇಲ್ಲ, ಎಲ್ಲೆಲ್ಲೂ ‘ಅರ್ಜಿದಾರಳು’. ಒಂದೊಂದು ಪ್ಯಾರಾವೂ ಒಂದೊಂದು ಸಂಗತಿ. ಕೊನೆಯಲ್ಲಿ ಬೇಡಿಕೆ, ಅದಾದ ಮೇಲೆ ‘ಅರ್ಜಿದಾರಳು ಕರ್ತವ್ಯಬದ್ಧಳಾಗಿ ಸದಾ ಪ್ರಾರ್ಥಿಸುತ್ತಿರುವಳು’. ಎಷ್ಟೋ ಅರ್ಜಿಗಳಲ್ಲಿ ಈ ಪ್ರಾರ್ಥನೆಯ ಬಾಲಕ್ಕೆ ‘ಇತ್ಯಾದಿ’ ಎಂಬ ಚಿಹ್ನೆ ಅಂಟಿರುತ್ತದೆ. ದೇವರಿಗೆ ಹೋಗಬೇಕಾದ ಮೊರೆಯೂ ಇತ್ಯಾದಿಯಲ್ಲಿ ಮುಗಿಯುವುದನ್ನು ನೋಡಿ, ಕಣ್ಣೀರಿನ ನಿಮ್ಮ ಎರಡು ಪುಟದ ಕೆಲಸ ಆ ಒಂದು ಪದ ಮಾಡುತ್ತದೆ.

ಒಳಗಿನ ಧಾಟಿ ಹೀಗಿರಲಿ:

‘ಅರ್ಜಿದಾರಳು ಬಡ ವಿಧವೆ, ಐದು ಮಂದಿ ಅಸಹಾಯಕ ಮಕ್ಕಳ ತಾಯಿ. ಶಿಕ್ಷೆಗೊಳಗಾದ ಮಗನಿಗೆ ವಯಸ್ಸು ಹತ್ತೊಂಬತ್ತು, ಅವನ ದುಡಿಮೆಯೇ ಮನೆಗೆ ಆಧಾರ. ಈವರೆಗೆ ಅವನ ಮೇಲೆ ಯಾವ ದೂರೂ ಇರಲಿಲ್ಲವೆಂಬುದಕ್ಕೆ ಕೆಳಗೆ ರುಜು ಹಾಕಿದ ಮಹನೀಯರು ಸಾಕ್ಷಿ.’

ಇಲ್ಲಿ ಅನ್ಯಾಯದ ಮಾತೇ ಇಲ್ಲ ಎಂಬುದನ್ನು ಗಮನಿಸಿ. ದಯೆ ಬೇಡುವವರು ತೀರ್ಪನ್ನು ಕೆಣಕಿದರೆ, ವರದಿ ಬರೆಯುವವನು ತನ್ನ ತೀರ್ಪನ್ನು ಸಮರ್ಥಿಸಿಕೊಳ್ಳಲು ಕೂರುತ್ತಾನೆ. ಅದಕ್ಕೇ ವಯಸ್ಸು, ನಡತೆ, ಮನೆಯ ಹೊರೆ, ಗಂಡ ಸೈನ್ಯದಲ್ಲಿದ್ದರೆ ಅವನ ಸೇವೆ, ಇಂಥವನ್ನೇ ಮುಂದೆ ಮಾಡುತ್ತಿದ್ದದ್ದು. ‘ಅಸಹಾಯಕ ಮಕ್ಕಳು’ ಎಷ್ಟೋ ಅರ್ಜಿಗಳಲ್ಲಿ ಬರುವ ಸಿದ್ಧ ಮಾತು. ಅಷ್ಟಕ್ಕೇ ಸುಳ್ಳೆನ್ನಬೇಡಿ, ಅಳತೆ ಹಿಡಿದ ಸತ್ಯ ಎಂದೂ ತಿಳಿಯಬೇಡಿ. ಅರ್ಜಿಗೆ ನಿಜವಾದ ತೂಕ ಕೊಡುತ್ತಿದ್ದದ್ದು ಕೆಳಗಿನ ರುಜುಗಳು: ಜಮೀನಿನ ಒಡೆಯ, ಕ್ಯಾಥೊಲಿಕ್ ಪಾದ್ರಿ, ಪ್ರೊಟೆಸ್ಟೆಂಟ್ ರೆಕ್ಟರ್, ಸಿಕ್ಕರೆ ಒಬ್ಬ ಮ್ಯಾಜಿಸ್ಟ್ರೇಟ್. ನಿಮ್ಮ ವಿಧವೆ ಆ ಬಾಗಿಲುಗಳನ್ನು ಒಂದೊಂದಾಗಿ ತಟ್ಟಬೇಕು. ಯಾರು ರುಜು ಹಾಕಲಿಲ್ಲ ಎಂಬುದರಲ್ಲೇ ಅರ್ಧ ಕಥೆ ಸಿಗುತ್ತದೆ.

ಇನ್ನು ಬರೆದುಕೊಡುವವನು. ಲಿಮರಿಕ್ಕಿನ ಬಡವರ ಮನೆಮಾತು ಬಹುಮಟ್ಟಿಗೆ ಐರಿಷ್, ಕ್ಯಾಸಲ್‌ನ ಭಾಷೆ ಇಂಗ್ಲಿಷ್. ನಡುವೆ ಒಬ್ಬ ಬೇಕೇ ಬೇಕು. ಹೆಚ್ಚಾಗಿ ಅವನು ಊರಿನ ಶಾಲೆ ಮೇಷ್ಟ್ರು, ಇಲ್ಲವೇ ದುಡ್ಡಿಗೆ ಬರೆದುಕೊಡುವ ಗುಮಾಸ್ತ. ಅವಳು ಅತ್ತು ಹೇಳಿದ್ದನ್ನು ಅವನು ತನಗೆ ಗೊತ್ತಿರುವ ದೊಡ್ಡ ದೊಡ್ಡ ಪದಗಳಿಗೆ ಏರಿಸುತ್ತಾನೆ. ಬರೆದದ್ದನ್ನು ಓದಿ ಹೇಳಿದಾಗ ಅವಳಿಗೆ ಅದರಲ್ಲಿ ತನ್ನ ಮಗ ಕಾಣಿಸಿದನೇ? ನೀವು ಬರೆಯದೆ ಬಿಟ್ಟ ದೃಶ್ಯ ಇದು.

ಆಮೇಲೆ ಆ ಹಾಳೆಯ ಬೆನ್ನು. ನೀವು ಮುಂಬದಿಯನ್ನಷ್ಟೇ ಬರೆದಿದ್ದೀರಿ, ಆಡಳಿತ ನಡೆಯುತ್ತಿದ್ದದ್ದು ಹಿಂಬದಿಯಲ್ಲಿ. ಚೀಫ್ ಸೆಕ್ರೆಟರಿ ಕಚೇರಿಗೆ ಬಂದ ಕಾಗದಗಳ ನೋಂದಾಯಿತ ಸರಣಿ 1818ರಿಂದ ಶುರು, ವರ್ಷವಾರು, ಸಂಖ್ಯೆ ಹಾಕಿ. ಫೂಲ್‌ಸ್ಕೇಪ್ ಹಾಳೆಯನ್ನು ಉದ್ದುದ್ದ ಪಟ್ಟಿಯಾಗಿ ಮಡಿಸಿ, ಹೊರಮೈಯಲ್ಲಿ ಗುಮಾಸ್ತ ಸಾರಾಂಶ ಬರೆಯುತ್ತಾನೆ. ಕಟ್ಟಿನಿಂದ ಬಿಡಿಸದೆಯೇ ಓದಲು ಬರಲಿ ಎಂದು. ನಿಮ್ಮ ವಿಧವೆಯ ಕಾಗದದ ಮೇಲೆ ಹೀಗಿರಬಹುದು: ಬಂದ ತಾರೀಖು, ‘ಲಿಮರಿಕ್’, ಅವಳ ಹೆಸರು, ‘ಮಗನ ಶಿಕ್ಷೆ ಮಾಫಿಗೆ’. ಮುಂಬದಿಯಲ್ಲಿ ಬರೆದದ್ದೆಲ್ಲ ಮುಗಿದುಹೋಯಿತು, ನಾಲ್ಕು ಸಾಲಲ್ಲಿ. ಅದರ ಕೆಳಗೆ ಬೇರೆ ಕೈಬರಹದಲ್ಲಿ, ಬೇರೆ ಶಾಯಿಯಲ್ಲಿ ಒಂದು ಷರಾ: ‘ವರದಿಗೆ ಕಳಿಸಿ’. ವರದಿ ಬಂದ ಮೇಲೆ ಇನ್ನೊಂದು. ಕ್ಷಮೆಯ ವಿಷಯದಲ್ಲಿ ಪದೇ ಪದೇ ಕಾಣುವ ಷರಾದ ಅರ್ಥ ‘ಕಾನೂನು ತನ್ನ ದಾರಿ ಹಿಡಿಯಲಿ’. ವರದಿ ಅನುಕೂಲವಾಗಿದ್ದರೆ ಶಿಕ್ಷೆ ಇಳಿಸಿದ್ದೂ ಉಂಟು, ಗಡೀಪಾರಿನ ಬದಲು ಜೈಲು ಎಂಬಂತೆ. ಹಾಗಾಗಿ ಬಿಡುಗಡೆಯ ಆಸೆಯನ್ನು ಕಥೆಯಿಂದ ತೆಗೆಯಬೇಕಿಲ್ಲ. ತೆಗೆಯಬೇಕಾದದ್ದು ಕಣ್ಣೀರಿಡುವ ವೆಲ್ಲೆಸ್ಲಿಯನ್ನು. ಅವನ ಹೆಸರಿಗೆ ಬರೆದದ್ದೆಲ್ಲ ಅವನ ಕಣ್ಣಿಗೆ ಬೀಳಬೇಕೆಂದೇನೂ ಇರಲಿಲ್ಲ.

ಆ ವರ್ಷದ ಟಪಾಲು ಯಾವ ಮಟ್ಟದ್ದು ಎಂಬುದನ್ನೂ ಒಂದೆರಡು ವಾಕ್ಯದಲ್ಲಿ ತನ್ನಿ. 1821ರ ಶರತ್ಕಾಲದ ಮಳೆಗೆ ಆಲೂಗಡ್ಡೆ ಕೊಳೆತು, 1822ರ ಬೇಸಿಗೆಗೆ ಪಶ್ಚಿಮ ಮತ್ತು ನೈಋತ್ಯದ ಕೌಂಟಿಗಳಲ್ಲಿ ಹಸಿವು. ಬಡವರ ಕಾಯ್ದೆ ಐರ್ಲೆಂಡಿಗೆ ಬಂದದ್ದು 1838ರಲ್ಲಿ. ಅದಕ್ಕೆ ಮುಂಚೆ ಹಸಿದವನು ಹಕ್ಕಿನಿಂದ ಕೇಳಬಹುದಾದ ಕಚೇರಿಯೇ ಇಲ್ಲ, ಇದ್ದದ್ದು ಅರ್ಜಿ ಮಾತ್ರ. ಆದ್ದರಿಂದ ನೀವು ಅವಳನ್ನು ವರ್ಕ್‌ಹೌಸಿನ, ಅಂದರೆ ಆ ಕಾಯ್ದೆ ಬಂದ ಮೇಲೆ ಬಡವರನ್ನು ಇರಿಸಿ ದುಡಿಸುತ್ತಿದ್ದ ಮನೆಯ, ಬಾಗಿಲಲ್ಲಿ ನಿಲ್ಲಿಸಿರುವುದೂ ಹೋಗಬೇಕು. ರಸ್ತೆ ಕೆಲಸ ಕೊಡಿಸಿ, ಬಿತ್ತನೆ ಆಲೂಗಡ್ಡೆ ಕೊಡಿಸಿ ಎಂಬ ಕಾಗದಗಳ ರಾಶಿಯ ನಡುವೆ ಅವಳದೂ ಒಂದು.

ಹಾಗಾದರೆ ಅವಳ ಸಿಟ್ಟು ಎಲ್ಲಿಗೆ ಹೋಗಬೇಕು ಎಂದು ಕೇಳುತ್ತೀರಿ. ಅದಕ್ಕೂ ಅದೇ ಕಚೇರಿಯಲ್ಲಿ ಜಾಗವಿದೆ. 1821ರಿಂದ ಲಿಮರಿಕ್ಕಿನ ಪಶ್ಚಿಮ ಭಾಗದಲ್ಲಿ ಎದ್ದ ರೈತ ದಂಗೆಯವರು ‘ಕ್ಯಾಪ್ಟನ್ ರಾಕ್’ ಎಂಬ ಕಲ್ಪಿತ ನಾಯಕನ ಹೆಸರಲ್ಲಿ ಬೆದರಿಕೆ ಕಾಗದ ಅಂಟಿಸುತ್ತಿದ್ದರು. ಗೇಣಿ, ಚರ್ಚಿಗೆ ಕೊಡಬೇಕಿದ್ದ ದಶಮಾಂಶ ತೆರಿಗೆ ಇಳಿಸದಿದ್ದರೆ ಮನೆ ಸುಡುತ್ತೇವೆ ಎಂದು. ಆ ಕಾಗದಗಳ ತಮಾಷೆ ಏನೆಂದರೆ, ಹಲವು ಸರ್ಕಾರಿ ಪ್ರಕಟಣೆಯ ಧಾಟಿಯನ್ನೇ ಅಣಕಿಸುತ್ತವೆ, ಆಜ್ಞೆ ಹೊರಡಿಸಿ, ‘ನಮ್ಮ ಕೈಯಾರೆ ರುಜು ಹಾಕಿ’ ಎಂದು ಮುಗಿಸುತ್ತವೆ. ಮ್ಯಾಜಿಸ್ಟ್ರೇಟರು ಅವನ್ನು ಕಿತ್ತು ತಮ್ಮ ವರದಿಯ ಜೊತೆ ಕ್ಯಾಸಲ್‌ಗೆ ಕಳಿಸುತ್ತಿದ್ದರು. ನಿಮ್ಮ ‘ನಿನಗೆ ತಾಯಿಯಿಲ್ಲವೇ’ ಸಾಲನ್ನು ಅಂಥದೊಂದು ಕಾಗದದಲ್ಲಿ ಇಡಿ. ಅರ್ಜಿ ಬರೆದುಕೊಟ್ಟ ಮೇಷ್ಟ್ರ ಅಕ್ಷರವೇ ಅದರಲ್ಲೂ ಇದ್ದರೆ ಏನಾಗಬಹುದು, ಯೋಚಿಸಿ.

ಕೊನೆಗೆ ಆ ಬೆಂಕಿ. 1922ರ ಜೂನ್ 30ರಂದು ಸುಟ್ಟದ್ದು ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯದ ಆವರಣದಲ್ಲಿದ್ದ ಸಾರ್ವಜನಿಕ ದಾಖಲೆ ಕಚೇರಿ. ಚೀಫ್ ಸೆಕ್ರೆಟರಿ ಕಚೇರಿಯ ಕಾಗದಗಳು ಅಲ್ಲಿರಲಿಲ್ಲ, ಕ್ಯಾಸಲ್‌ನ ಒಳಗೇ ಬೇರೆ ಕಚೇರಿಯಲ್ಲಿದ್ದವು. ಹಾಗಾಗಿ ಉಳಿದವು, ಈಗ ಡಬ್ಲಿನ್ನಿನ ರಾಷ್ಟ್ರೀಯ ಅಭಿಲೇಖಾಲಯದಲ್ಲಿವೆ. ಆ ದಿನ ಹೋದದ್ದರಲ್ಲಿ 1821ರ ಜನಗಣತಿಯ ಬಹುಪಾಲು ಪುಸ್ತಕಗಳೂ ಇದ್ದವು. ಅಂದರೆ ಗಣತಿಯವನು ಬಾಗಿಲಿಗೆ ಬಂದು ಅವಳ ಹೆಸರು, ವಯಸ್ಸು, ಮನೆಯಲ್ಲಿ ಎಷ್ಟು ಮಂದಿ ಎಂದು ಬರೆದುಕೊಂಡ ಪುಟ ಇಲ್ಲ, ಅವಳು ಗೀಟೆಳೆದ ಅರ್ಜಿ ಇದೆ, ಬೆನ್ನ ಮೇಲಿನ ಷರಾ ಸಮೇತ. ಕೊನೆಯ ಪುಟವನ್ನು ಹರಿದುಹಾಕಿ ಇಲ್ಲಿಂದ ಮತ್ತೆ ಬರೆಯಿರಿ.

ತಿದ್ದಿದ ಪ್ರತಿ ಕಳಿಸುವಾಗ ಕಥೆ ಈಗಿನದಕ್ಕಿಂತ ಉದ್ದವಾಗದಿರಲಿ. ವಿಚಾರಣೆಯ ಮೂರು ಪುಟ ಒಂದಕ್ಕೆ ಇಳಿದರೆ ಮೇಷ್ಟ್ರಿಗೆ ಜಾಗ ಸಿಗುತ್ತದೆ. ಕ್ಯಾಸಲ್‌ನ ಸುತ್ತ ಕಂದಕ, ತೂಗುಸೇತುವೆ ಹಾಕಿದ್ದೀರಲ್ಲ, ಅದನ್ನೂ ತೆಗೆಯಿರಿ. ಹಳೆಯ ಕೋಟೆಯ ಹೆಚ್ಚಿನ ಭಾಗ 1684ರ ಬೆಂಕಿಗೇ ಹೋಗಿತ್ತು, 1822ರಲ್ಲಿ ಅಲ್ಲಿದ್ದದ್ದು ಅಂಗಳದ ಸುತ್ತ ಸಾಲು ಕಚೇರಿಗಳು.

ಸಂಪಾದಕರು