ಬ್ಯಾಂಕಾಕಲ್ಲಿ ಎರಡೇ ದಿನ ಇದ್ರೆ ಏನ್ ಮಾಡೋದು? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮಸ್ತೆ ಸರ್, ಕಂಪನಿ ಕೆಲಸದ ಮೇಲೆ ಬ್ಯಾಂಕಾಕ್‌ಗೆ ಹೋಗ್ತಾ ಇದೀನಿ. ಮೀಟಿಂಗ್ ಎಲ್ಲಾ ಶುಕ್ರವಾರಕ್ಕೆ ಮುಗಿಯುತ್ತೆ, ಶನಿವಾರ ಭಾನುವಾರ ಪೂರ್ತಿ ನಂದೇ. ವಿಡಿಯೋ ನೋಡಿ ನೋಡಿ ಒಂದು ಲಿಸ್ಟ್ ಮಾಡಿದೀನಿ: ಗ್ರ್ಯಾಂಡ್ ಪ್ಯಾಲೇಸ್, ಮಲಗಿರೋ ಬುದ್ಧ, ಫ್ಲೋಟಿಂಗ್ ಮಾರ್ಕೆಟ್, ಅಯುತ್ಥಯ, ಪಟ್ಟಾಯ, ಚತುಚಕ್, ಚೈನಾಟೌನ್, ಮಾಲ್‌ಗಳು. ಎರಡು ದಿನದಲ್ಲಿ ಆಗುತ್ತಾ? ದಿನಪೂರ್ತಿ ಟ್ಯಾಕ್ಸಿ ಬುಕ್ ಮಾಡ್ಕೊಂಡ್ರೆ ಟೈಮ್ ಉಳಿಯುತ್ತಾ?
— ಲಿಸ್ಟ್ ಹಿಡ್ಕೊಂಡು ಕೂತವಳು

ಉತ್ತರ: ಆಗಲ್ಲಮ್ಮ. ಟ್ಯಾಕ್ಸಿ ಬುಕ್ ಮಾಡಿದ್ರಂತೂ ಖಂಡಿತ ಆಗಲ್ಲ. ಪಟ್ಟಾಯ ಸುಮಾರು 150 ಕಿಲೋಮೀಟರ್, ಎಲ್ಲರೂ ವಿಡಿಯೋದಲ್ಲಿ ತೋರಿಸೋ ದಾಮ್ನೋನ್ ಸದುವಾಕ್ ಫ್ಲೋಟಿಂಗ್ ಮಾರ್ಕೆಟ್ ಸುಮಾರು 100, ಅಯುತ್ಥಯ 80ರ ಹತ್ತಿರ, ಮೂರೂ ಮೂರು ದಿಕ್ಕಿಗೆ ಇದಾವೆ. ಮೊದಲು ಆ ಮೂರಕ್ಕೂ ಗೀಟು ಹಾಕಿ. ಅಯುತ್ಥಯ ಬಿಡಿ ಅನ್ನೋಕೆ ನನಗೂ ಮನಸ್ಸಿಲ್ಲ, ಆದ್ರೆ ಅದಕ್ಕೇ ಒಂದು ದಿನ ಬೇಕು, ನಿಮ್ಮ ಹತ್ರ ಇರೋದೇ ಎರಡು.

ಇನ್ನು ಟ್ಯಾಕ್ಸಿ ವಿಷಯ. ಬ್ಯಾಂಕಾಕ್ ರೋಡಲ್ಲಿ ಸಾಯಂಕಾಲ ನಾಲ್ಕು ಗಂಟೆ ಮೇಲೆ ಟ್ಯಾಕ್ಸಿ ಹತ್ತೋದು ಅಂದ್ರೆ ದುಡ್ಡು ಕೊಟ್ಟು ಜಗಲಿ ಮೇಲೆ ಕೂತ ಹಾಗೆ. ಅಲ್ಲಿ ಟೈಮ್ ಉಳಿಸೋದು ಎರಡೇ, ಮೇಲೆ ಹೋಗೋ ರೈಲು ಮತ್ತೆ ಕೆಳಗೆ ಹರಿಯೋ ನೀರು. ಅದಕ್ಕೇ ಜಾಗದ ಲಿಸ್ಟ್ ಪಕ್ಕಕ್ಕಿಟ್ಟು ಮ್ಯಾಪ್ ತೆಗೀರಿ, ಒಂದು ದಿನ ನದಿಗೆ ಕೊಡಿ, ಇನ್ನೊಂದು ದಿನ ಕಾಲುವೆಗೆ. ಹೋಟೆಲ್ ಇನ್ನೂ ಬುಕ್ ಮಾಡಿಲ್ಲ ಅಂದ್ರೆ ಬಿಟಿಎಸ್ ಸ್ಕೈಟ್ರೇನ್ ಅಥವಾ ಎಂಆರ್‌ಟಿ ಮೆಟ್ರೋ ಸ್ಟೇಷನ್‌ಗೆ ನಡೆದು ಹೋಗೋ ಹಾಗಿರೋದನ್ನೇ ನೋಡಿ, ರೂಮ್ ಸ್ವಲ್ಪ ಚಿಕ್ಕದಾದ್ರೂ ಪರವಾಗಿಲ್ಲ.

ಶನಿವಾರ ಬೆಳಿಗ್ಗೆ ಬೇಗ ಎದ್ದು ಬಿಟಿಎಸ್‌ನಲ್ಲಿ ಸಫಾನ್ ತಕ್ಸಿನ್ ಸ್ಟೇಷನ್‌ಗೆ ಹೋಗಿ. ಕೆಳಗಿಳಿದ್ರೆ ಅಲ್ಲೇ ಸಾಥೋರ್ನ್ ಅನ್ನೋ ದೋಣಿ ಕಟ್ಟೆ, ಚಾವ್ ಫ್ರಾಯ ನದಿ. ಅಲ್ಲಿ ಟೂರಿಸ್ಟ್ ಬೋಟ್ ಅಂತ ನೀಲಿ ಬಾವುಟದ್ದಕ್ಕೆ ಕರೀತಾರೆ, ಅದು ದುಬಾರಿ. ನೀವು ಕಿತ್ತಳೆ ಬಾವುಟದ್ದು ಹತ್ತಿ, ಊರವರು ಓಡಾಡೋದು ಅದರಲ್ಲೇ, ಹದಿನೈದು ಹದಿನಾರು ಬಾತ್‌ನಲ್ಲಿ (ಬಾತ್ ಅಂದ್ರೆ ಅಲ್ಲಿನ ದುಡ್ಡು) ಮುಗಿಯುತ್ತೆ. ಕಂಡಕ್ಟರ್ ಕೈಲಿ ಉದ್ದನೆ ತಗಡಿನ ಕೊಳವೆ ಇಟ್ಕೊಂಡು ಅದರೊಳಗಿನ ಚಿಲ್ಲರೆ ಟಕಟಕ ಅನ್ನಿಸ್ತಾ ಬರ್ತಾರೆ, ಅದೇ ಕೊಳವೆ ಬಾಯಲ್ಲಿ ಟಿಕೆಟ್ ಹರಿದು ಕೊಡ್ತಾರೆ. ಹಿಂದುಗಡೆ ನಿಂತವನು ಸೀಟಿ ಊದ್ತಾ ಊದ್ತಾನೇ ದೋಣಿನ ಕಟ್ಟೆಗೆ ತಾಗಿಸ್ತಾನೆ, ಪೂರ್ತಿ ನಿಲ್ಲೋ ತನಕ ಕಾಯೋಣ ಅಂತ ಕೂತ್ರೆ ನಿಮ್ಮ ಸ್ಟಾಪ್ ಹೋಯ್ತು. ಹಿಂಭಾಗದಲ್ಲಿ ಬೌದ್ಧ ಭಿಕ್ಷುಗಳಿಗೆ ಅಂತ ಬಿಟ್ಟಿರೋ ಜಾಗ ಇರುತ್ತೆ, ಅಲ್ಲಿ ನಿಂತ್ಕೋಬೇಡಿ.

ಥಾ ಚಾಂಗ್‌ನಲ್ಲಿ ಇಳಿದ್ರೆ ಗ್ರ್ಯಾಂಡ್ ಪ್ಯಾಲೇಸ್ ಹತ್ರಾನೇ. ಎಂಟೂವರೆಗೆ ತೆಗೀತಾರೆ, ಮಧ್ಯಾಹ್ನ ಮೂರೂವರೆಗೆ ಟಿಕೆಟ್ ಬಂದ್. 500 ಬಾತ್. ಜಾಸ್ತಿ ಅನ್ನಿಸಬಹುದು, ಆದ್ರೆ ಆ ದುಡ್ಡು ಪೂರ್ತಿ ವಸೂಲಾಗೋದು ಎಲ್ಲರೂ ದಾಟಿ ಹೋಗೋ ಒಂದು ಜಾಗದಲ್ಲಿ. ಜನ ಸೀದಾ ಪಚ್ಚೆ ಬುದ್ಧನ ಹತ್ರ ಓಡ್ತಾರೆ (ಪಚ್ಚೆ ಅಂತ ಹೆಸರಷ್ಟೇ, ವಿಗ್ರಹ ಜೇಡ್ ಕಲ್ಲಿನದು, ಎತ್ತರ 66 ಸೆಂಟಿಮೀಟರ್, ಋತುವಿಗೊಂದು ಉಡುಪು, ಒಳಗೆ ಫೋಟೋ ತೆಗೆಯೋ ಹಾಗಿಲ್ಲ). ನೋಡಿ, ಬೇಡ ಅನ್ನಲ್ಲ. ಆದ್ರೆ ಆ ದೇವಸ್ಥಾನದ ಸುತ್ತ ಇರೋ ಪ್ರಾಕಾರದ ಗೋಡೆ ತುಂಬಾ ರಾಮಾಯಣ ಬರೆದಿದಾರೆ, ಥಾಯ್ ಜನ ರಾಮಕಿಯೆನ್ ಅಂತಾರೆ, ಒಟ್ಟು 178 ಚಿತ್ರ. ಉತ್ತರದ ಬಾಗಿಲಿಂದ ಶುರು ಮಾಡಿ ಪ್ರದಕ್ಷಿಣೆ ಥರಾನೇ ಸುತ್ತಬೇಕು. ವಿದೇಶಿಯರಿಗೆ ಗೈಡ್ ಇಲ್ಲದೆ ಒಂದೂ ಅರ್ಥ ಆಗಲ್ಲ, ನಮಗೆ ಗೈಡೇ ಬೇಡ, ಹತ್ತು ತಲೆಯವನು ಯಾರು, ಬಾಲದವನು ಯಾರು ಅಂತ ಗೊತ್ತಲ್ಲ. ಮಜಾ ಇರೋದು ನಮ್ಮ ಕಥೆಗಿಂತ ಬೇರೆ ಆಗೋ ಕಡೆ. ಅಲ್ಲಿ ಹನುಮಂತ ಬೆಳ್ಳಗಿದಾನೆ, ಬ್ರಹ್ಮಚಾರಿ ಅಂತೂ ಅಲ್ವೇ ಅಲ್ಲ, ರಾವಣನ ಮಗಳಾದ ಮತ್ಸ್ಯಕನ್ಯೆ ಜೊತೆ ಪ್ರೇಮ ಬೇರೆ. ಮೈರಾವಣನ ಪ್ರಸಂಗ ಹುಡುಕಿ ನೋಡಿ. ನಮ್ಮ ಕಡೆ ಹೇಳೋದ್ರಲ್ಲಿ ಹನುಮಂತ ಬಾಲದಿಂದಲೇ ಕೋಟೆ ಕಟ್ಟಿ ರಾಮ ಲಕ್ಷ್ಮಣರನ್ನ ಕಾಯ್ತಾನಲ್ವಾ, ಅಲ್ಲಿ ಬೆಟ್ಟದಷ್ಟು ಬೆಳೆದು ರಾಮ ಇರೋ ಮಂಟಪಾನೇ ಬಾಯೊಳಗೆ ಇಟ್ಕೊಂಡು ಕೂತ್ಕೋತಾನೆ. ಮಂಟಪ, ಹಲ್ಲು, ಸುತ್ತ ಬಂಗಾರದ ಬಣ್ಣ ಎಲ್ಲಾ ಅಷ್ಟು ಸಣ್ಣ ಕುಸುರಿಯಲ್ಲಿ ಬರೆದಿದಾರೆ. ಇದಕ್ಕೆ ಒಂದು ಗಂಟೆ ಕೊಡಿ, ಆ ಗಂಟೆ ಹೊಂದಿಸೋಕೆ ಯಾವುದೋ ಮಾಲ್ ಬಿಟ್ರೂ ನಷ್ಟ ಇಲ್ಲ.

ಬಟ್ಟೆ ಬಗ್ಗೆ ಹೇಳಿಬಿಡ್ತೀನಿ, ಭುಜ ಮತ್ತೆ ಮೊಣಕಾಲು ಮುಚ್ಚಿರಬೇಕು, ಹರಿದ ಜೀನ್ಸ್ ನಡೆಯಲ್ಲ, ಗೇಟಲ್ಲೇ ನಿಲ್ಲಿಸ್ತಾರೆ. ತೆಳು ಕಾಟನ್ ಚೂಡಿದಾರ್ ಸಾಕು, ಸೆಖೆಗೂ ಒಳ್ಳೇದು.

ಅಲ್ಲಿಂದ ದಕ್ಷಿಣಕ್ಕೆ ನಡೆದ್ರೆ ವಾಟ್ ಫೋ (ವಾಟ್ ಅಂದ್ರೆ ಬೌದ್ಧ ದೇವಸ್ಥಾನ). ಮಲಗಿರೋ ಬುದ್ಧ 46 ಮೀಟರ್ ಉದ್ದ. ಮುಖದ ಹತ್ರ ಜನ ಫೋಟೋಗೆ ಗುಂಪು ಕಟ್ಟಿರ್ತಾರೆ, ನೀವು ಪಾದದ ಕಡೆ ಹೋಗಿ, ಕಪ್ಪೆಚಿಪ್ಪಿನ ಹೊಳಪಲ್ಲಿ 108 ಮಂಗಳ ಚಿಹ್ನೆ ಕೂರಿಸಿದಾರೆ. ಕಾಲು ನೋಯ್ತಿದ್ರೆ ಅಲ್ಲೇ ಆವರಣದೊಳಗೆ ಥಾಯ್ ಮಸಾಜ್ ಕೂಡ ಮಾಡ್ತಾರೆ. ಆಮೇಲೆ ಥಾ ತಿಯನ್ ಕಟ್ಟೆಯಿಂದ ಕೆಲವೇ ಬಾತ್‌ಗೆ ಆಚೆ ದಡಕ್ಕೆ ದೋಣಿ, ಅಲ್ಲಿ ವಾಟ್ ಅರುಣ್. ಹತ್ತಿರದಿಂದ ನೋಡಿದ್ರೆ ಗೋಪುರ ತುಂಬಾ ಪಿಂಗಾಣಿ ಚೂರು ಅಂಟಿಸಿರೋದು ಗೊತ್ತಾಗುತ್ತೆ. ಅರುಣ್ ಅಂತ ಹೆಸರಿದ್ರೂ ಚೆನ್ನಾಗಿ ಕಾಣೋದು ಸಾಯಂಕಾಲ, ಈಚೆ ದಡಕ್ಕೆ ವಾಪಸ್ ಬಂದು ನಿಂತ್ರೆ ಸೂರ್ಯ ಅದರ ಹಿಂದೆಯೇ ಇಳೀತಾನೆ. ಕತ್ತಲಾದ ಮೇಲೆ ಸನಾಮ್ ಚಾಯ್ ಸ್ಟೇಷನ್‌ಗೆ ನಡ್ಕೊಂಡು ಹೋಗಿ ಎಂಆರ್‌ಟಿ ಹಿಡಿದ್ರೆ ಎರಡನೇ ಸ್ಟಾಪು ವಾಟ್ ಮಂಕೋನ್, ಅಂದ್ರೆ ಚೈನಾಟೌನ್ ಬಾಗಿಲು. ದಿನ ಮುಗೀತು, ಒಂದು ಸಲಾನೂ ಟ್ಯಾಕ್ಸಿ ಹತ್ತಲಿಲ್ಲ.

ಭಾನುವಾರಕ್ಕೆ ಎರಡು ದಾರಿ. ಶಾಪಿಂಗ್ ಬೇಕೇ ಬೇಕು ಅಂದ್ರೆ ಚತುಚಕ್, ಅದು ಪೂರ್ತಿ ನಡೆಯೋದೇ ಶನಿವಾರ ಭಾನುವಾರ, ಸಾವಿರಾರು ಅಂಗಡಿ, ಮೋ ಚಿಟ್ ಸ್ಟೇಷನ್‌ನಲ್ಲಿ ಇಳಿದು ಬಿಸಿಲೇರೋ ಮುಂಚೆ ಮುಗಿಸಿ. ನನ್ನ ಕೇಳಿದ್ರೆ ನಾನು ಹೇಳೋದು ಹಳೇ ಊರು. ಎಂಆರ್‌ಟಿಯಲ್ಲಿ ಸಾಮ್ ಯೋಟ್‌ಗೆ ಹೋಗಿ ಅಲ್ಲಿಂದ ನಡೀರಿ, ರೋಡ್ ಮಧ್ಯ 20 ಮೀಟರ್‌ಗೂ ಎತ್ತರದ ಕೆಂಪು ತೇಗದ ಕಂಬ ನಿಂತಿರುತ್ತೆ, ಅದು ಉಯ್ಯಾಲೆ ಕಂಬ. ಹಿಂದೆ ಬ್ರಾಹ್ಮಣರ ಹಬ್ಬದಲ್ಲಿ ಉಯ್ಯಾಲೆನ ಆಕಾಶಕ್ಕೆ ಜೀಕಿ ಎತ್ತರದಲ್ಲಿ ಕಟ್ಟಿರೋ ದುಡ್ಡಿನ ಗಂಟನ್ನ ಹಲ್ಲಲ್ಲಿ ಕಚ್ಚಿ ತೆಗೀತಿದ್ರು, 1935ರಲ್ಲಿ ನಿಂತುಹೋಯ್ತು. ಪಕ್ಕದಲ್ಲೇ ದೇವಸ್ಥಾನ್ ಅಂತ ಥಾಯ್ ಬ್ರಾಹ್ಮಣರ ಗುಡಿ ಈಗಲೂ ಇದೆ, ಎದುರಿಗೆ ವಾಟ್ ಸುಥಾತ್. ಅಲ್ಲಿಂದ ಗೋಲ್ಡನ್ ಮೌಂಟ್ ಹತ್ತಿ ಊರು ನೋಡಿ ಇಳಿದ್ರೆ ಕೆಳಗೇ ಫಾನ್ ಫಾ ಕಟ್ಟೆ, ಸೇನ್ ಸೇಪ್ ಕಾಲುವೆ ದೋಣಿ. ಇದು ನದಿ ದೋಣಿ ಥರ ಸಾವಕಾಶದ್ದಲ್ಲ, ಕಾಲುವೆ ನೀರೂ ಕೊಳಕು, ಎದುರಿಂದ ಇನ್ನೊಂದು ದೋಣಿ ಬಂದ್ರೆ ಅಂಚಲ್ಲಿ ಕೂತವರೇ ಹಗ್ಗ ಎಳೆದು ಟಾರ್ಪಾಲ್ ಏರಿಸಬೇಕು, ಇಲ್ಲಾಂದ್ರೆ ಮುಖಕ್ಕೇ ಪ್ರೋಕ್ಷಣೆ. ಕಂಡಕ್ಟರ್ ಹೆಲ್ಮೆಟ್ ಹಾಕ್ಕೊಂಡು ದೋಣಿಯ ಹೊರ ಅಂಚಲ್ಲೇ ನಡ್ಕೊಂಡು ಟಿಕೆಟ್ ಕೊಡ್ತಾರೆ, ಸೇತುವೆ ಬಂದಾಗ ಬಗ್ತಾರೆ. ಪ್ರತುನಾಮ್‌ನಲ್ಲಿ ಇಳಿದು ಸ್ವಲ್ಪ ನಡೆದ್ರೆ ಎರಾವನ್ ಗುಡಿ, 1956ರಲ್ಲಿ ಕಟ್ಟಿದ್ದು, ಒಳಗಿರೋದು ನಾಲ್ಕು ಮುಖದ ಬ್ರಹ್ಮ. ಇಂಡಿಯಾದಲ್ಲಿ ಬ್ರಹ್ಮನಿಗೆ ಪೂಜೆನೇ ಅಪರೂಪ, ಅಲ್ಲಿ ಮಾಲ್‌ಗಳ ಮಧ್ಯೆ ಸಿಗ್ನಲ್ ಪಕ್ಕ ಚೆಂಡು ಹೂವಿನ ರಾಶಿ ಹಾಕಿಸ್ಕೊಂಡು ಕೂತಿದಾನೆ, ಹರಕೆ ತೀರಿದವರು ದುಡ್ಡು ಕೊಟ್ಟು ನೃತ್ಯ ಮಾಡಿಸ್ತಾರೆ. ಮಾಲ್‌ಗಳೂ ಅಲ್ಲೇ ಸುತ್ತಮುತ್ತ, ಹಾಗಾಗಿ ನಿಮ್ಮ ಲಿಸ್ಟಿನ ಆ ಐಟಮ್ಮೂ ಆಯ್ತು.

ಪ್ರಶ್ನೆ: ಅಪ್ಪ ಅಮ್ಮನ ಕರ್ಕೊಂಡು ಹೋಗ್ತಿದೀನಿ, ಇಬ್ಬರೂ ಶುದ್ಧ ಸಸ್ಯಾಹಾರಿ, ಮೊಟ್ಟೆನೂ ಮುಟ್ಟಲ್ಲ. ಬರೀ ಹಣ್ಣು ತಿನ್ಕೊಂಡು ಇರಬೇಕಾ?

ಉತ್ತರ: ಬೇಡ, ಆದ್ರೆ ಬರೀ "ವೆಜ್" ಅಂದ್ರೆ ಸಾಲಲ್ಲ, ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತೆ, ಚಟ್ನಿಗೆ ಸೀಗಡಿ. "ಕಿನ್ ಜೇ" ಅಂತ ಹೇಳಿ, ಹಳದಿ ಬಾವುಟದ ಮೇಲೆ ಕೆಂಪಲ್ಲಿ ಜೇ ಅಕ್ಷರ ಇರೋ ಅಂಗಡಿ ನೋಡಿ. ಜೇ ಅಂದ್ರೆ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿ ಕೂಡ ಹಾಕಲ್ಲ, ನಿಮ್ಮ ಅಮ್ಮನಿಗೆ ಬಹುಶಃ ಖುಷಿನೇ ಆಗುತ್ತೆ. ರೊಟ್ಟಿ ದಾಲ್ ಬೇಕು ಅನ್ನಿಸಿದ ದಿನ ಪಹುರತ್ ಕಡೆ ಹೋಗಿ, ಚೈನಾಟೌನ್ ಪಕ್ಕದ ಇಂಡಿಯನ್ ಬೀದಿ, ದೊಡ್ಡ ಗುರುದ್ವಾರಾನೂ ಅಲ್ಲೇ. ಸಿಲೋಮ್ ರೋಡಲ್ಲಿ ತಮಿಳರು ಕಟ್ಟಿಸಿದ ಮಾರಿಯಮ್ಮನ್ ಗುಡಿ ಇದೆ, ಅಪ್ಪ ಅಮ್ಮ ಇಬ್ಬರಿಗೂ ಇಷ್ಟ ಆಗುತ್ತೆ. ಹಿರಿಯರು ಅಂದಮೇಲೆ ಏಪ್ರಿಲ್ ಬೇಡ, ಸುಡು ಬಿಸಿಲು. ಸೆಪ್ಟೆಂಬರ್ ಅಕ್ಟೋಬರ್ ಮಳೆ. ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ.

ಪ್ರಶ್ನೆ: "ಪ್ಯಾಲೇಸ್ ಇವತ್ತು ಮುಚ್ಚಿದೆ" ಅಂತ ಯಾರಾದ್ರೂ ಹೇಳಿದ್ರೆ ನಂಬಬೇಕಾ?

ಉತ್ತರ: ನಂಬಬೇಡಿ. ಒಳ್ಳೆ ಇಂಗ್ಲಿಷು, ಇಸ್ತ್ರಿ ಶರ್ಟು, "ಇವತ್ತು ಪೂಜೆ ಇದೆ, ಮಧ್ಯಾಹ್ನ ತೆಗೀತಾರೆ, ಅಷ್ಟರೊಳಗೆ ಟುಕ್‌ಟುಕ್‌ನಲ್ಲಿ ಬೇರೆ ದೇವಸ್ಥಾನ ತೋರಿಸ್ತೀನಿ, ಇಪ್ಪತ್ತೇ ಬಾತ್" ಅಂತಾರೆ. ಆ ಇಪ್ಪತ್ತು ಬಾತಿನ ಟ್ರಿಪ್ಪು ಮುಗಿಯೋದು ರತ್ನದ ಅಂಗಡಿಯಲ್ಲೋ ಟೈಲರ್ ಅಂಗಡಿಯಲ್ಲೋ. ಎಷ್ಟೋ ವರ್ಷದಿಂದ ಅದೇ ಡೈಲಾಗು, ಅವರಿಗೂ ಬೇಜಾರಾಗಲ್ವೇನೋ! ರಾಜಮನೆತನದ ಕಾರ್ಯಕ್ರಮ ಇದ್ರೆ ನಿಜವಾಗ್ಲೂ ಮುಚ್ಚೋದುಂಟು, ಅದನ್ನ ಪ್ಯಾಲೇಸ್ ವೆಬ್‌ಸೈಟಲ್ಲಿ ಹಿಂದಿನ ದಿನವೇ ನೋಡ್ಕೊಳ್ಳಿ, ಅಲ್ಲಿಗೆ ಹೋದ ಮೇಲೆ ಸೀದಾ ಗೇಟಿನ ತನಕ ನಡೆದು ಹೋಗಿ. ಇನ್ನೊಂದು, ಸಾಯಂಕಾಲ ಆರಕ್ಕೆ ಸ್ಟೇಷನ್‌ನಲ್ಲಿ ರಾಷ್ಟ್ರಗೀತೆ ಹಾಕಿದಾಗ ಎಲ್ಲರೂ ಇದ್ದಲ್ಲೇ ನಿಲ್ತಾರೆ, ನೀವೂ ನಿಲ್ಲಿ. ವೇಪ್ ಸೇದೋರಿದ್ರೆ ಮನೆಯಲ್ಲೇ ಬಿಟ್ಟು ಹೋಗಿ, ಅಲ್ಲಿ ಅದು ಕಾನೂನುಬಾಹಿರ.

ಪ್ರಶ್ನೆ: ಸುವರ್ಣಭೂಮಿ ಏರ್‌ಪೋರ್ಟಲ್ಲಿ ಒಂಬತ್ತು ಗಂಟೆ ಗ್ಯಾಪ್ ಇದೆ. ಹೊರಗೆ ಹೋಗಿ ಬರಬಹುದಾ?

ಉತ್ತರ: ಹಗಲಾದ್ರೆ ಹೋಗಿ, ರಾತ್ರಿಯಾದ್ರೆ ಅಲ್ಲೇ ಮಲಗಿ. ಲೆಕ್ಕ ಹೀಗೆ: ಇಳಿದು ಇಮಿಗ್ರೇಷನ್ ಮುಗಿಸೋಕೆ ಒಂದೂವರೆ ಗಂಟೆ ಇಟ್ಕೊಳ್ಳಿ, ವಾಪಸ್ ಬಂದು ಮತ್ತೆ ಚೆಕಿನ್, ಸೆಕ್ಯುರಿಟಿಗೆ ಮೂರು, ಹೋಗಿ ಬರೋಕೆ ಎರಡು, ಕೈಲಿ ಉಳಿಯೋದು ಎರಡೂವರೆ. ಏರ್‌ಪೋರ್ಟ್ ರೈಲ್ ಲಿಂಕ್‌ನಲ್ಲಿ ಫಯಾ ಥಾಯ್‌ಗೆ ಅರ್ಧ ಗಂಟೆ, 45 ಬಾತ್, ಅಲ್ಲಿಂದ ಬಿಟಿಎಸ್‌ನಲ್ಲಿ ಸಯಾಮ್, ಚಿಟ್ ಲೋಮ್ ಹತ್ರಾನೇ. ಎರಾವನ್ ಬ್ರಹ್ಮನ್ನ ನೋಡಿ, ಒಂದು ಊಟ ಮಾಡಿ, ವಾಪಸ್. ಗ್ರ್ಯಾಂಡ್ ಪ್ಯಾಲೇಸ್ ಆಸೆ ಈ ಸಲ ಬಿಡಿ. ಲಗೇಜ್ ಏರ್‌ಪೋರ್ಟಲ್ಲೇ ಇಡೋ ಕೌಂಟರ್ ಇದೆ. ಹೊರಗೆ ಕಾಲಿಡಬೇಕು ಅಂದ್ರೆ ಟಿಡಿಎಸಿ ಅನ್ನೋ ಡಿಜಿಟಲ್ ಅರೈವಲ್ ಕಾರ್ಡ್ ತುಂಬಿರಬೇಕು, 2025ರ ಮೇ ತಿಂಗಳಿಂದ ಕಡ್ಡಾಯ, ಇಳಿಯೋ ಮುಂಚಿನ ಮೂರು ದಿನದೊಳಗೆ ಸರ್ಕಾರಿ ಸೈಟಲ್ಲಿ ಪುಕ್ಕಟೆ ಆಗುತ್ತೆ, ದುಡ್ಡು ಕೇಳೋ ಸೈಟ್ ಬಂದ್ರೆ ಅದು ಸರ್ಕಾರದ್ದಲ್ಲ, ಮುಚ್ಚಿಬಿಡಿ. ವೀಸಾ ರೂಲ್ ಆಗಾಗ ಬದಲಾಗುತ್ತೆ, ಟಿಕೆಟ್ ತಗೊಳ್ಳೋ ಮುಂಚೆ ಥಾಯ್ ಎಂಬೆಸಿ ಸೈಟ್ ನೋಡಿ. ಮತ್ತೆ ಫೋನ್ ಗಡಿಯಾರ ಬದಲಾಗಿದೆಯಾ ನೋಡ್ಕೊಳ್ಳಿ, ಅಲ್ಲಿ ನಮಗಿಂತ ಒಂದೂವರೆ ಗಂಟೆ ಮುಂದೆ.