ಅಜ್ಜಿಯ ಉಂಗುರದ ಚಕ್ಕೆ

ನಮಸ್ಕಾರ. ವಿರಾಜಪೇಟೆಯಿಂದ ನೀವು ಕಳಿಸಿದ ‘ವಜ್ರದ ಅಂಗಾಂಗಗಳು’ ಲೇಖನ ಓದಿದೆ. ಭಾಷೆ ಶುದ್ಧವಾಗಿದೆ. ನೆತ್ತಿಯ ಚಪ್ಪಟೆ ಮುಖವಾದ ಟೇಬಲ್‌ನಿಂದ ತಳದ ತುದಿಯಾದ ಕ್ಯೂಲೆಟ್‌ವರೆಗೆ ಹೆಸರುಗಳೂ ಸರಿ. ಸಂತೋಷ.

ಈಗ ನನಗೆ ಸಿಟ್ಟು ಬಂದ ಜಾಗ. ಮೊದಲ ಪ್ಯಾರಾದಲ್ಲಿ ನೀವೇ ಬರೆದಿದ್ದೀರಿ: ‘ಅಜ್ಜಿಯ ಉಂಗುರದ ವಜ್ರದ ಅಂಚಿನಲ್ಲಿ ಚಕ್ಕೆ ಎದ್ದಿತ್ತು.’ ಓದಿ ನೆಟ್ಟಗೆ ಕೂತೆ. ಮೂರನೇ ಪ್ಯಾರಾಕ್ಕೆ ಬಂದರೆ, ‘ವಜ್ರವನ್ನು ಯಾವುದೂ ಒಡೆಯಲಾರದು.’ ಹಾಗಾದರೆ ಆ ಚಕ್ಕೆ ಎಲ್ಲಿಂದ ಬಂತು? ಗಡಸುತನದ ಮೋಸ್ ಅಳತೆಯಲ್ಲಿ ವಜ್ರಕ್ಕೆ 10 ಅಂದರೆ ಸುಲಭಕ್ಕೆ ಗೀರು ಬೀಳದು ಅಂತ ಅಷ್ಟೇ. ಪೆಟ್ಟಿನ ಕಥೆ ಬೇರೆ. ಎಳೆ ನೋಡಿ ಕೊಡಲಿ ಹಾಕಿದರೆ ಸೌದೆ ಸೀಳುತ್ತದಲ್ಲ, ವಜ್ರಕ್ಕೂ ಅಂಥ ನಾಲ್ಕು ದಿಕ್ಕುಗಳಿವೆ.

ಮುಂದಿನ ಸಾಲು: ‘ಗರ್ಡಲ್ ಎಂದರೆ ವಜ್ರದ ಸೊಂಟದ ಒಡ್ಯಾಣ.’ ಸುಮ್ನೆ ಚಂದದ ಮಾತು. ಒಡ್ಯಾಣವನ್ನು ಬಿಚ್ಚಿಡಬಹುದು. ಗರ್ಡಲ್ ಕಲ್ಲಿನದೇ ಅಂಚು, ಮೇಲಿನ ಕ್ರೌನ್ ಮತ್ತು ಕೆಳಗಿನ ಪೆವಿಲಿಯನ್ ಕೂಡುವ ಜಾಗ. ಉಂಗುರದ ಕೊಕ್ಕೆಗಳು ಕಲ್ಲನ್ನು ಹಿಡಿಯುವುದೂ ಅಲ್ಲೇ. ತೀರಾ ತೆಳುವಾದರೆ ಒರಳುಕಲ್ಲಿಗೆ ತಾಗಿ ಚಕ್ಕೆ ಏಳಬಹುದು. ಜಾಸ್ತಿ ದಪ್ಪ ಬಿಟ್ಟರೆ ತೂಕವೆಲ್ಲ ಸೊಂಟದಲ್ಲಿ ಅಡಗುತ್ತದೆ. ಕ್ಯಾರೆಟ್ ಲೆಕ್ಕದಲ್ಲಿ ದುಡ್ಡು ಕೊಟ್ಟಿರುತ್ತೀರಿ, ಮೇಲಿನಿಂದ ಕಲ್ಲು ಚಿಕ್ಕದಾಗಿ ಕಾಣುತ್ತದೆ. ಅಜ್ಜಿಯ ಉಂಗುರದ ಕಥೆ ಇಲ್ಲೇ ಇರಬಹುದಿತ್ತು, ಅಲ್ವಾ?

‘ಬೆಳಕು ಒಳಗೆ ನರ್ತಿಸುತ್ತದೆ.’ ಇಲ್ಲ ಮಾರಾಯರೇ. ಪೆವಿಲಿಯನ್‌ನ ಒಂದು ಓರೆಗೆ ಬಡಿದು, ಎದುರಿನ ಓರೆಗೆ ಬಡಿದು, ಮೇಲಕ್ಕೆ ವಾಪಸ್ ಬರುತ್ತದೆ. ಅದಕ್ಕೆ ಓರೆ ಸರಿಯಿರಬೇಕು. 1919ರಲ್ಲಿ ವಜ್ರ ಕತ್ತರಿಸುವ ಮನೆತನದ ಎಂಜಿನಿಯರ್ ಮಾರ್ಸೆಲ್ ಟೋಲ್ಕೋವ್‌ಸ್ಕಿ ಹಾಕಿದ ಲೆಕ್ಕ 40.75 ಡಿಗ್ರಿ. ತೀರಾ ಚಪ್ಪಟೆಯಾದರೆ ಗರ್ಡಲ್‌ನ ಪ್ರತಿಬಿಂಬವೇ ಟೇಬಲ್‌ನೊಳಗೆ ಮೀನಿನ ಕಣ್ಣಿನ ಹಾಗೆ ಕಾಣುತ್ತದೆ. ತೀರಾ ಆಳವಾದರೆ ನಡುವೆ ಕಪ್ಪು.

ನಾನೂ ಹೀಗೇ ಬರೆಯುತ್ತಿದ್ದೆ. ಮಡಿಕೇರಿಯ ಒಂದು ಪತ್ರಿಕೆಗೆ ಸೇರಿದ ಹೊಸತು. ‘ಮೆಣಸಿನ ಬಳ್ಳಿ ಮರವನ್ನು ಆಲಿಂಗಿಸಿದೆ’ ಅಂತ ಬರೆದುಕೊಟ್ಟೆ. ಸಂಪಾದಕರು ಕನ್ನಡಕ ಏರಿಸಿ, ‘ಯಾವ ಮರವೋ?’ ಅಂದರು. ಗೊತ್ತಿರಲಿಲ್ಲ. ಜುಲೈ ಮಳೆಯಲ್ಲಿ ಕೈಗೊಂದು ಕೊಡೆ ಕೊಟ್ಟು ತೋಟಕ್ಕೆ ವಾಪಸ್ ಅಟ್ಟಿದರು. ಜಿಗಣೆ ಹತ್ತಿಸಿಕೊಂಡು ಬಂದು ‘ಹಾಲುವಾಣ ಸಾರ್’ ಅಂದೆ. ಆಲಿಂಗನ ಹೊಡೆದುಹಾಕಿ ಹಾಲುವಾಣ ಬರೆದರು.

ಉಂಗುರ ಇನ್ನೂ ಮನೆಯಲ್ಲಿದ್ದರೆ, ಲೂಪ್ (ಅಕ್ಕಸಾಲಿಗರ ಭೂತಗನ್ನಡಿ) ಹಿಡಿದು ಪಕ್ಕದಿಂದ ನೋಡಿ. ಚಕ್ಕೆ ಎದ್ದಲ್ಲಿ ಗರ್ಡಲ್ ಎಷ್ಟು ತೆಳುವಿದೆ? ಕೊಕ್ಕೆಯ ಬುಡದಲ್ಲೋ, ಎರಡು ಕೊಕ್ಕೆಗಳ ನಡುವೆಯೋ? ಅಷ್ಟು ಬರೆದು ಕಳಿಸಿ. ಎಲ್ಲಿಗೆ ತಾಗಿಸಿದ್ದು ಅಂತ ಅಜ್ಜಿಯನ್ನೂ ಕೇಳಿ.