ತೋಡಿ ರಾಗಕ್ಕೆ ಜಿಂಕೆ ಯಾಕೆ?

ಪ್ರಶ್ನೆ: ರಾಗಗಳನ್ನು ಮನುಷ್ಯರೂಪದಲ್ಲಿ ಬಿಡಿಸುವ ಹಳೆಯ ರಾಗಮಾಲಾ ಚಿತ್ರಗಳಲ್ಲಿ ತೋಡಿ ಅಂದರೆ ವೀಣೆ ಹಿಡಿದ ಹೆಂಗಸು, ಸುತ್ತ ಜಿಂಕೆಗಳು. ಹಾಡು ಕೇಳಿದರೆ ನನಗೆ ಜಿಂಕೆ ಕಾಣುವುದೇ ಇಲ್ಲವಲ್ಲ?

ಉತ್ತರ: ನನಗೂ ಕಾಣುವುದಿಲ್ಲ ಬಿಡಿ. ಚಿತ್ರಕಾರರು ಬಿಡಿಸಿದ್ದು ಸ್ವರಗಳನ್ನಲ್ಲ, ರಾಗವನ್ನು ವರ್ಣಿಸುವ ಪದ್ಯಗಳನ್ನು. ಅಲ್ಲಿ ರಾಗ ಗಂಡು, ರಾಗಿಣಿ ಹೆಣ್ಣು. ತೋಡಿ ಒಂಟಿ ವಿರಹಿಣಿ; ಅವಳ ವೀಣೆಗೆ ಮರುಳಾಗಿ ಕಾಡಿನ ಜಿಂಕೆಗಳು ಹತ್ತಿರ ಬಂದು ಕತ್ತೆತ್ತಿ ನಿಂತಿವೆ, ಅವಳು ಕಾಯುತ್ತಿರುವವನು ಮಾತ್ರ ಬಂದಿಲ್ಲ. ಹಾಗೆಯೇ ಮೇಘ ರಾಗಕ್ಕೆ ಮಳೆಯಲ್ಲಿ ಕುಣಿಯುವ ಕೃಷ್ಣ. ಆಮೇಲೆ 18ನೇ ಶತಮಾನದಲ್ಲಿ ಖಯಾಲ್ ಎಂಬ ಹಿಂದುಸ್ತಾನಿ ಗಾಯನ ಶೈಲಿ ಜೋರಾಯಿತು, ಹಾಡುವ ರೀತಿಯೇ ಬದಲಾಯಿತು, ಚಿತ್ರ ಹಳೆಯದೇ ಉಳಿಯಿತು. ಆದರೂ ಬೆಳಿಗ್ಗೆ ಒಮ್ಮೆ ತೋಡಿ ಕೇಳಿ, ಆ ಕೋಮಲ ಗಾಂಧಾರದಲ್ಲಿ (ತುಸು ತಗ್ಗಿಸಿದ 'ಗ' ಸ್ವರದಲ್ಲಿ) ವಿರಹ ಇದೆ ಅಲ್ವಾ? ಅಂದಹಾಗೆ, ನಮ್ಮ ಬಿಜಾಪುರವನ್ನು ಆಳಿದ ಎರಡನೇ ಇಬ್ರಾಹಿಂ ಆದಿಲ್ ಶಾಹ (1580–1627) ತನ್ನ 'ಕಿತಾಬ್-ಎ-ನವರಸ್'ನ ದಖನಿ (ದಖ್ಖನ್ನಿನ ಹಳೆಯ ಉರ್ದು) ಹಾಡುಗಳಲ್ಲೇ ಕೆಲವು ರಾಗಗಳ ರೂಪ ವರ್ಣಿಸಿದ್ದಾನೆ.